ಬಚ್ಚಲ ಜಾಲರಿಯ ಕೆಳಗೆ

ಕಳೆದ ಮಳೆಗಾಲದಲ್ಲಿ ಅಂಕೋಲೆಯ ನಮ್ಮ ಮನೆಯ ಬಚ್ಚಲಲ್ಲಿ ನೀರು ಇಳಿಯುವುದು ತೀರಾ ನಿಧಾನವಾಯಿತು. ಸ್ನಾನ ಮುಗಿಯುವಷ್ಟರಲ್ಲಿ ಪಾದ ಮುಳುಗುತ್ತಿತ್ತು. "ಎಲ್ಲಾ ನಿನ್ನ ಕೂದಲಿಂದ" ಎಂದು ತಂಗಿಯನ್ನು ಬೈದೆ. ಅವಳು ಸುಮ್ಮನಿದ್ದಳು. ಅಮ್ಮಿ ಮಾತ್ರ, "ಬೈಯುವವನು ಒಮ್ಮೆ ತೆಗೆದೂ ನೋಡು" ಎಂದರು. ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದವರು ಅವರೇ ಎಂಬುದು ನನಗೆ ಗೊತ್ತೇ ಇರಲಿಲ್ಲ.

ನಾನು ಆ್ಯಸಿಡ್ ಬಾಟಲಿಗೆ ಕೈ ಹಾಕಿದೆ. ಹಿಂದಿನ ದಿನವಷ್ಟೇ ಪಾಚಿಗೆಂದು ಅಮ್ಮಿ ಬ್ಲೀಚಿಂಗ್ ಪೌಡರ್ ಹಾಕಿದ್ದರು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೇ ಅಪಾಯ. ರಸಾಯನಶಾಸ್ತ್ರದ ಪಾಠ ಆ ಹೊತ್ತಿಗೆ ನೆನಪಾದದ್ದು ನನ್ನ ಪುಣ್ಯ.

ಕೊನೆಗೆ ಮುರಿದ ಕೊಡೆಯ ಕಡ್ಡಿಯೊಂದರ ತುದಿಯನ್ನು ಇಕ್ಕಳದಿಂದ ಬಗ್ಗಿಸಿ ಕೊಕ್ಕೆ ಮಾಡಿಕೊಂಡೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಜಾಲರಿ ಎತ್ತಿದೆ. ಅದರ ಕೆಳಗಿರುವುದೇ ನಹಾನಿ ಟ್ರ್ಯಾಪ್. ಅದರಲ್ಲಿ ಸದಾ ನಿಂತಿರುವ ನೀರು ಪೈಪಿನ ವಾಸನೆಯನ್ನು ಒಳಗೆ ಬಿಡದೆ ತಡೆಯುತ್ತದೆ; ಕಸ ಸಿಕ್ಕಿಕೊಳ್ಳುವುದೂ ಅಲ್ಲೇ. ಕೊಕ್ಕೆಯನ್ನು ತಳ್ಳದೆ, ತಿರುವಿ ಮೇಲಕ್ಕೆಳೆದೆ. ತಳ್ಳಿದರೆ ಕಸ ಇನ್ನೂ ಒಳಗೆ ಹೋಗುತ್ತದೆ. ಆಮೇಲೆ ಒಂದು ಕೊಡಪಾನ ಬಿಸಿನೀರನ್ನು ಒಮ್ಮೆಲೇ ಸುರಿದೆ. ಕುದಿಯುವ ನೀರು ಪಿವಿಸಿ ಪೈಪನ್ನು ಮೆತ್ತಗಾಗಿಸುತ್ತದೆ, ಕೈ ತಾಳುವಷ್ಟು ಬಿಸಿ ಸಾಕು.

ಹೊರಬಂದದ್ದೇನು? ಸಾಬೂನಿನ ಜಿಡ್ಡು, ತಂಗಿಯ ಒಂದಿಷ್ಟು ಕೂದಲು. ಅದನ್ನೆಲ್ಲ ಹಿಡಿದಿಟ್ಟುಕೊಂಡಿದ್ದದ್ದು ಶ್ಯಾಂಪೂ ಪ್ಯಾಕೆಟಿನ ಹರಿದ ಮೂಲೆಗಳು. ಹಲ್ಲಿನಿಂದ ಹರಿದು ಅಲ್ಲೇ ಉಗುಳುವ ಅಭ್ಯಾಸ ಮನೆಯಲ್ಲಿ ಇರುವುದು ನನಗೊಬ್ಬನಿಗೇ. ತಂಗಿಯ ಕ್ಷಮೆ ಕೇಳಿದೆ.

ಗೆಳೆಯರೇ, ನಮ್ಮ ಮನೆಯ ಪೈಪು ಮುಗಿಯುವಲ್ಲಿ ಊರಿನ ಗಟಾರ ಶುರುವಾಗುತ್ತದೆ. ನಾವು ಬಿಟ್ಟದ್ದನ್ನು ಅಲ್ಲಿ ಮಳೆಯಲ್ಲಿ ನಿಂತು ಎತ್ತುವವರು ಪೌರಕಾರ್ಮಿಕರು. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ 2023ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕಾಯಿತು. ಸಾವು ನಿಂತಿಲ್ಲ ಎಂದೇ ಇದರ ಅರ್ಥ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನಾಚರಣೆಯಲ್ಲಿ ಶಾಲು ಹೊದಿಸುವುದು ಒಳ್ಳೆಯದೇ. ಗಟಾರಕ್ಕೆ ಕಸ ಬಿಡದಿರುವುದು ಅದಕ್ಕಿಂತ ದೊಡ್ಡ ಗೌರವ.

ನಮ್ಮ ಕಾಲೇಜಿನಲ್ಲೂ ಊಟದ ಡಬ್ಬಿ ತೊಳೆಯುವ, ವುಝೂ ಮಾಡುವ ನಲ್ಲಿಗಳ ಕೆಳಗೆ ನೀರು ನಿಲ್ಲುವುದನ್ನು ನೋಡುತ್ತೇವೆ. ಅನ್ನದ ಅಗುಳು, ಮೀನಿನ ಮುಳ್ಳು ಹಾಕಿದವರು ನಾವೇ, ಮೂಗು ಮುಚ್ಚಿಕೊಳ್ಳುವವರೂ ನಾವೇ. ಡಬ್ಬಿ ತೊಳೆಯುವ ಮುಂಚೆ ಉಳಿದದ್ದನ್ನು ಬುಟ್ಟಿಗೆ ಹಾಕೋಣ. ಮನೆಯಲ್ಲಿ ತಿಂಗಳಿಗೊಮ್ಮೆ ಜಾಲರಿ ಎತ್ತುವ ಕೆಲಸವನ್ನು, ಮುಖ್ಯವಾಗಿ ಹುಡುಗರು, ಅಮ್ಮನ ಕೈಯಿಂದ ತೆಗೆದುಕೊಳ್ಳೋಣ. ನನ್ನ ಕೊಡೆಯ ಕಡ್ಡಿ ಈಗ ಬಚ್ಚಲ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ.