ಸೈಲೆನ್ಸರಿಗೂ ಕೊಳೆರೋಗವಿದೆ

ಮಳೆಗಾಲ ಕಾಲಿಡುವ ಮೊದಲೇ ಅಡಿಕೆ ಗೊನೆಗಳಿಗೆ ಮದ್ದು ಬಿಡಬೇಕೆಂದು ನಮ್ಮ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಎರಡನೆಯ ಸಲ 40–45 ದಿನಗಳ ಬಳಿಕ ಮಳೆ ಬಿಡುವು ಕೊಟ್ಟಾಗ ಎಂಬುದೆಲ್ಲ ಬಾಯಿಪಾಠ. ಕಾಯಿಗಳು ಉದುರಿ ಮರದ ಬುಡ ತುಂಬಿದ ಮೇಲೆ ಮದ್ದು ಬಿಟ್ಟು ಫಲವಿಲ್ಲವೆಂದು ಬಲ್ಲ ನಾವೇ, ಅಂಗಳದಲ್ಲಿ ನಿಂತಿರುವ ಕಾರು, ಜೀಪು, ಪಿಕಪ್ಪುಗಳ ವಿಷಯದಲ್ಲಿ ಮಾತ್ರ ಇದಕ್ಕೆ ತೀರ ವಿರುದ್ಧವಾಗಿ ನಡೆದುಕೊಳ್ಳುತ್ತೇವೆ. ಸೈಲೆನ್ಸರ್ ತೂತಾಗಿ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹಾಕುವ ತನಕ ಅದರ ಕಡೆಗೆ ಬಗ್ಗಿ ನೋಡುವವರು ಕಡಿಮೆ. ಆಗಲೂ "ಶಬ್ದ ತಾನೇ, ಮಳೆ ಕಳೆಯಲಿ" ಎಂದು ಮುಂದೂಡುವವರೇ ಹೆಚ್ಚು.

ಈ ಉದಾಸೀನ ಸಲ್ಲದೆಂದು ಹೇಳುವುದೇ ಈ ಬರಹದ ಉದ್ದೇಶ. ಹೊಗೆ ಹೋಗುವ ಕೊಳವೆಯಲ್ಲಿನ ದೋಷ ಬರೇ ಶಬ್ದದ ಪ್ರಶ್ನೆಯಲ್ಲ, ಖರ್ಚಿನ ಪ್ರಶ್ನೆಯೂ ಆಮೇಲಿನದು. ಎಲ್ಲಕ್ಕಿಂತ ಮೊದಲು ಅದು ಗಾಡಿಯೊಳಗೆ ಕುಳಿತವರ ಉಸಿರಿನ ಪ್ರಶ್ನೆ.

ನಮ್ಮ ಊರಲ್ಲೇ ಬೇಗ ಏಕೆ ಕೊಳೆಯುತ್ತದೆ?

ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಕಾಪು, ಮಲ್ಪೆಯ ಕಡೆಯವರಿಗೆ ಕಡಲಿನ ಉಪ್ಪುಗಾಳಿಯ ಕಾಟ; ಕಾರ್ಕಳದ ಒಳರಸ್ತೆಗಳಲ್ಲಿ ಓಡಾಡುವವರಿಗೆ ಅಡಿಗೆ ಮೆತ್ತಿಕೊಳ್ಳುವ ಕೆಂಪು ಕೆಸರಿನ ಕಾಟ. ಕೆಸರು ಒಣಗದೆ ತೇವವನ್ನು ಹಿಡಿದಿಟ್ಟುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಇದು ಹೊರಗಿನ ತುಕ್ಕು, ಕಣ್ಣಿಗೆ ಕಾಣುವಂಥದು.

ಕಾಣದ ತುಕ್ಕು ಒಳಗಿನದು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಎಂಜಿನೂ ಕೊಳವೆಯೂ ಚೆನ್ನಾಗಿ ಕಾದಿದ್ದರೆ ಆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಮನೆಯಿಂದ ಹಾಲಿನ ಡಿಪೋಗೆ, ಅಲ್ಲಿಂದ ಸೊಸೈಟಿಗೆ, ಮಣಿಪಾಲದಿಂದ ಉಡುಪಿ ಪೇಟೆಗೆ ಎಂದು ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಕೊಳವೆ ಕಾಯುವುದೇ ಇಲ್ಲ. ಹೊಗೆಯಲ್ಲಿನ ಆಮ್ಲಗಳು ಬೆರೆತ ನೀರು ಸೈಲೆನ್ಸರಿನ ಹೊಟ್ಟೆಯಲ್ಲೇ ನಿಲ್ಲುತ್ತದೆ. ಹೊರಗೆ ಬಣ್ಣ ಮಾಸದ ಸೈಲೆನ್ಸರ್ ಕೂಡ ಒಳಗಿನಿಂದ ಟೊಳ್ಳಾಗುವುದು ಹೀಗೆ. ಅನೇಕ ಸೈಲೆನ್ಸರುಗಳ ಅಡಿಯಲ್ಲಿ ನೀರು ಬಸಿದುಹೋಗಲೆಂದೇ ಒಂದು ಸಣ್ಣ ತೂತು ಇಟ್ಟಿರುತ್ತಾರೆ. ಅದನ್ನು ಸೋರಿಕೆಯೆಂದು ತಿಳಿದು ವೆಲ್ಡಿಂಗ್ ಮಾಡಿಸಿ ಮುಚ್ಚಬಾರದು.

ಕಿವಿ, ಕಣ್ಣು, ಮೂಗು ಸಾಕು

ದೋಷ ಪತ್ತೆ ಮಾಡಲು ಯಂತ್ರಗಳೇ ಬೇಕೆಂದಿಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಬೇಕು. ಮುಂಭಾಗದಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಬಂದು, ಎಂಜಿನ್ ಬಿಸಿಯಾದಂತೆ ಕಡಿಮೆಯಾಗುತ್ತಿದ್ದರೆ ಎಂಜಿನಿಗೂ ಮ್ಯಾನಿಫೋಲ್ಡಿಗೂ ನಡುವಿನ ಗ್ಯಾಸ್ಕೆಟ್ ಹೋಗಿದೆ ಯಾ ಮ್ಯಾನಿಫೋಲ್ಡ್ ಬಿರುಕುಬಿಟ್ಟಿದೆ ಎಂದು ಶಂಕಿಸಬಹುದು. ಬಿಸಿಗೆ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆಯೇ ಹೊರತು ದೋಷ ಹೋಗಿರುವುದಿಲ್ಲ. ಭರ್ರೆಂಬ ದಪ್ಪ ಸದ್ದಾದರೆ ಸೈಲೆನ್ಸರ್ ಯಾ ಅದರ ಹಿಂದು ಮುಂದಿನ ಕೊಳವೆ ತೂತಾಗಿದೆ. ಗಡಗಡ ಎಂದರೆ ಶಾಖ ತಡೆಯುವ ತಗಡು ಸಡಿಲವಾಗಿರಬಹುದು, ಇಲ್ಲವೆ ಒಳಗಿನ ಭಾಗವೇ ಕಳಚಿ ಬಿದ್ದಿರಬಹುದು. ಎಲ್ಲ ತಣಿದ ಮೇಲೆ ಕೈಯಿಂದ ತಟ್ಟಿ ನೋಡಿದರೆ ತಿಳಿಯುತ್ತದೆ.

ಕೊಳವೆಯ ಕೂಡುಗಳಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿಂದ ಹೊಗೆ ಸೋರುತ್ತಿದೆ ಎಂದೇ ಅರ್ಥ. ಇನ್ನೂ ಖಚಿತವಾಗಬೇಕಿದ್ದರೆ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೊಳವೆ ಕಾಯುವ ಮೊದಲೇ ಒಬ್ಬರು ದಪ್ಪ ಬಟ್ಟೆಯಿಂದ ಹಿಂತುದಿಯನ್ನು ಒಂದೆರಡು ಕ್ಷಣ ಒತ್ತಿಹಿಡಿದರೆ ಸಾಕು. ಸೋರುವ ಜಾಗದಿಂದ ಸುಯ್ ಎಂಬ ಸದ್ದು ಹೊರಡುತ್ತದೆ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಮಳೆಗಾಲದ ಬೆಳಿಗ್ಗೆ ತೆಳುವಾದ ಬಿಳಿ ಹೊಗೆ, ತುದಿಯಲ್ಲಿ ನಾಲ್ಕು ಹನಿ ನೀರು ಕಂಡರೆ ಗಾಬರಿ ಬೇಡ, ಅದು ಮೇಲೆ ಹೇಳಿದ ನೀರೇ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದು ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಇಂಧನ ಹೆಚ್ಚಾಗಿದೆ ಯಾ ಏರ್ ಫಿಲ್ಟರ್ ಕಟ್ಟಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ತಿಳಿಯಬಹುದು.

ಘಾಟಿಯ ವಾಂತಿ ಎನ್ನುವ ಮೊದಲು

ಕೆಳಗೆ ಅಡಿಕೆ ತೋಟ, ಘಟ್ಟದ ಮೇಲೆ ಕಾಫಿ ಇರುವ ಸದಸ್ಯರು ನಮ್ಮಲ್ಲಿ ಇದ್ದಾರೆ. ಮಳೆಗಾಲದಲ್ಲಿ ಗಾಜು ಏರಿಸಿಕೊಂಡು, ಒಳಗಿನ ಗಾಳಿಯೇ ಸುತ್ತುವಂತೆ ಏಸಿ ಹಾಕಿಕೊಂಡು ಸೋಮೇಶ್ವರದಿಂದ ಆಗುಂಬೆಯ 14 ತಿರುವುಗಳನ್ನು ಏರುವಾಗ, ಇಲ್ಲವೆ ಬಜಗೋಳಿ, ಮಾಳದ ದಾರಿಯಾಗಿ ಕುದುರೆಮುಖದ ಕಡೆಗೆ ಹೋಗುವಾಗ ಮನೆಮಂದಿಗೆ ತಲೆನೋವು, ಓಕರಿಕೆ ಬಂದರೆ "ಘಾಟಿಯ ತಿರುವು" ಎಂದು ಸುಮ್ಮನಾಗುತ್ತೇವೆ. ಆದರೆ ಎಂದೂ ವಾಂತಿ ಮಾಡದವರಿಗೂ, ಗಾಡಿ ಓಡಿಸುವವನಿಗೂ ಒಟ್ಟಿಗೇ ತಲೆ ಭಾರವಾಗಿ ತೂಕಡಿಕೆ ಬಂದರೆ, ಕೆಳಗಿಳಿದು ಗಾಳಿಗೆ ನಿಂತೊಡನೆ ಕಡಿಮೆಯಾದರೆ, ಅದು ತಿರುವಿನ ತಪ್ಪಲ್ಲ. ಅಡಿಯಲ್ಲಿ ಸೋರುವ ಹೊಗೆ ಒಳಗೆ ಬರುತ್ತಿದೆ ಎಂದು ಮೊದಲು ಸಂದೇಹಪಡಬೇಕು.

ಈ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಉಸಿರಾಡುವ ಗಾಳಿಯಲ್ಲಿ ಶೇಕಡಾ 0.16ರಷ್ಟಿದ್ದರೂ ಸುಮಾರು 20 ನಿಮಿಷಗಳಲ್ಲಿ ತಲೆನೋವು, ಓಕರಿಕೆ ಶುರುವಾಗಿ, ಒಂದೆರಡು ಗಂಟೆಗಳಲ್ಲಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ಒಂದರೊಳಗೆ ಮಲಗಿದ್ದ ಇಬ್ಬರು ಜನರೇಟರಿನಿಂದ ಬಂದ ಇದೇ ಅನಿಲದಿಂದ ಸತ್ತರು. ಶೆಡ್ಡಿನ ಬಾಗಿಲು ಮುಚ್ಚಿ ಕಾರು ಯಾ ಜನರೇಟರ್ ಚಾಲೂ ಇಡಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮವರಲ್ಲಿ ಇನ್ನೊಂದು ವಾಡಿಕೆ ಇದೆ. ವ್ಯಾನಿನಲ್ಲಿ ಅಡಿಕೆ ಗೋಣಿಗಳನ್ನು ತುಂಬಿ, ಮುಚ್ಚಲಾಗದ ಹಿಂಬಾಗಿಲನ್ನು ಹಗ್ಗದಿಂದ ಕಟ್ಟಿ, ಗೋಣಿಗಳ ನಡುವೆ ಒಂದಿಬ್ಬರು ಆಳುಗಳನ್ನು ಕೂರಿಸಿ ಹೊರಡುತ್ತೇವೆ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗುವುದರಿಂದ ಹೊಗೆ ಅಲ್ಲೇ ಸುಳಿದು, ತೆರೆದ ಬಾಗಿಲಿನಿಂದ ಒಳಗೆ ಬರುತ್ತದೆ. ಸೈಲೆನ್ಸರ್ ಗಟ್ಟಿಯಾಗಿದ್ದರೂ ಇದು ತಪ್ಪಿದ್ದಲ್ಲ. ತೂತಾಗಿದ್ದರೆ ಕೇಳುವುದೇ ಬೇಡ. ಗೋಣಿ ಎರಡು ಕಡಿಮೆ ಹೇರಿದರೆ ನಷ್ಟವೇನೂ ಇಲ್ಲ.

ಕನ್ವರ್ಟರ್ ಕಿತ್ತೆಸೆಯುವ ಸಲಹೆ

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿ.ಎಸ್. 6 ನಿಯಮ ಬಂದಿದೆ. ಹೊಗೆಯ ವಿಷವನ್ನು ತಗ್ಗಿಸುವ ಕನ್ವರ್ಟರ್, ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಈಗಿನ ವಾಹನಗಳಲ್ಲಿವೆ. ಇವು ಕಟ್ಟಿಕೊಂಡರೆ ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ಆಗ "ತೆಗೆದು ಬರೇ ಪೈಪು ಹಾಕಿಬಿಡುವ" ಎಂಬ ಸಲಹೆ ಕೆಲವು ಕಡೆ ಸಿಗುತ್ತದೆ. ಇದನ್ನು ಒಪ್ಪಬಾರದು. ಅದು ಮೋಟಾರು ವಾಹನ ಕಾಯಿದೆಗೆ ವಿರುದ್ಧ. 2019ರ ತಿದ್ದುಪಡಿಯ ಬಳಿಕ ಹೊಗೆ ನಿಯಮ ಮೀರಿದ್ದಕ್ಕೆ 10,000 ರೂಪಾಯಿಯವರೆಗೆ ದಂಡವಿದೆ. ದಂಡದ ಮಾತಿರಲಿ, ಕನ್ವರ್ಟರ್ ತೆಗೆದ ಗಾಡಿಯ ಅಡಿ ಸೋರಿದರೆ ಒಳಗೆ ಬರುವ ವಿಷ ಎಷ್ಟೋ ಪಾಲು ಹೆಚ್ಚು.

ಕನ್ವರ್ಟರ್ ಕೆಡುವುದಕ್ಕೆ ಕಾರಣ ಹೆಚ್ಚಾಗಿ ಬೇರೆಲ್ಲೋ ಇರುತ್ತದೆ. ಮುಂಭಾಗದ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಕೊಳವೆಗೆ ನುಗ್ಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಇಂಧನ ಸಾಲದೆಂದು ತಪ್ಪು ವರದಿ ಕೊಡುತ್ತದೆ, ಎಂಜಿನಿಗೆ ಬೇಡದ ಪೆಟ್ರೋಲ್ ಹೋಗುತ್ತದೆ, ಮೈಲೇಜ್ ಇಳಿಯುತ್ತದೆ, ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಸುಡುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ. ಕೆಟ್ಟ ಸ್ಪಾರ್ಕ್ ಪ್ಲಗ್ಗಿನಿಂದಲೂ ಇದೇ ಗತಿ. ಡೀಸೆಲ್ ಗಾಡಿಯ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಒಳಗೆ ಸುಮಾರು 600 ಡಿಗ್ರಿ ಶಾಖ ಬೇಕು. ಅದರ ದೀಪ ಹತ್ತಿದಾಗ, ಪುಸ್ತಕದಲ್ಲಿ ಹೇಳಿದಂತೆ, ಕಾಪು ಕಡೆಯ ಹೆದ್ದಾರಿಯಲ್ಲಿ ಒಂದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಬಹಳ ಸಲ ಸರಿಯಾಗುತ್ತದೆ. ಬದಲಾಯಿಸಲೇಬೇಕಾದರೆ ಹಳೆಯ ಕನ್ವರ್ಟರನ್ನು ಕೇಳಿ ಪಡೆಯಿರಿ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ಆ ಡಬ್ಬಿ ಗುಜರಿಯಲ್ಲ.

ಬೇಸಗೆಗೂ ಒಂದು ಎಚ್ಚರಿಕೆಯ ಮಾತು. ದೂರ ಓಡಿ ಬಂದ ಗಾಡಿಯ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ಅದನ್ನು ಒಣಗಿದ ಹಾಳೆ, ಸೋಗೆ, ಬೈಹುಲ್ಲು, ಅಡಿಕೆ ಸಿಪ್ಪೆಯ ರಾಶಿಯ ಮೇಲೆ ನಿಲ್ಲಿಸಿದರೆ ಬೆಂಕಿ ಹಿಡಿಯಲು ಕಡ್ಡಿ ಗೀರಬೇಕಾಗಿಲ್ಲ.

ಪಿ.ಯು.ಸಿ. ಚೀಟಿ ಸಾಕೇ?

ಸಾಲದು. ಬಿ.ಎಸ್. 4 ಮತ್ತು ಅನಂತರದ ಪೆಟ್ರೋಲ್ ಕಾರುಗಳ ಹಿಂತುದಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.3 ಮೀರಬಾರದೆಂಬುದು ನಿಯಮ. ಆದರೆ ಪರೀಕ್ಷೆಯ ನಳಿಗೆ ಹೊಗುವುದು ತುದಿಯೊಳಕ್ಕೆ. ಸೀಟಿನ ಅಡಿಯಲ್ಲಿ ಎಷ್ಟು ಸೋರುತ್ತಿದೆ ಎಂಬುದನ್ನು ಅದು ಹೇಳಲಾರದು. ಚೀಟಿ ಸರಕಾರಕ್ಕೆ ಬೇಕು, ತಪಾಸಣೆ ನಮಗೆ ಬೇಕು.

"ನನ್ನದು ಹಳೆಯ ಜೀಪು, ತೋಟದಲ್ಲಷ್ಟೇ ಓಡುವುದು" ಎನ್ನುವವರಿದ್ದಾರೆ. ಕನ್ವರ್ಟರ್ ಇಲ್ಲದ ಹಳೆಯ ಪೆಟ್ರೋಲ್ ಗಾಡಿಗಳಿಗೆ ಇದೇ ನಿಯಮ ಶೇಕಡಾ 3ರವರೆಗೆ ಬಿಟ್ಟಿದೆ, ಅಂದರೆ ಹತ್ತು ಪಟ್ಟು. ಸೋರಿಕೆಗೆ ಹೆಚ್ಚು ಅಂಜಬೇಕಾದವರು ಅವರೇ.

ಆದುದರಿಂದ ಮದ್ದು ಬಿಡುವ ತಯಾರಿಯ ಜೊತೆಗೇ ಮೇ ತಿಂಗಳಲ್ಲಿ ಒಮ್ಮೆ, ಮಳೆ ಕಳೆದ ಮೇಲೆ ಇನ್ನೊಮ್ಮೆ ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ ಕೊಳವೆಯ ಕೂಡುಗಳು, ರಬ್ಬರ್ ಹ್ಯಾಂಗರುಗಳು, ಹಿಂಬಾಗಿಲಿನ ಬೀಡಿಂಗ್ ಎಲ್ಲವನ್ನೂ ನೋಡಿಸುವುದು ಒಳ್ಳೆಯದು. ತುಂಡಾದ ಹ್ಯಾಂಗರಿಗೆ ತಂತಿ ಬಿಗಿದರೆ ಕೊಳವೆಯ ಅಲುಗಾಟವೆಲ್ಲ ಮುಂದಿನ ಕೂಡಿಗೆ ಬಿದ್ದು ಅಲ್ಲಿ ಒಡೆಯುತ್ತದೆ. ಕಡಲ ಬದಿಗೆ ಹೋಗಿ ಬಂದವರು ಗಾಡಿಯ ಅಡಿಯನ್ನು ಸಿಹಿನೀರಿನಿಂದ ತೊಳೆಯಬೇಕು.

ಎಲ್ಲರ ಹತ್ತಿರವೂ ರ‍್ಯಾಂಪ್ ಇರುವುದಿಲ್ಲ, ಒಬ್ಬೊಬ್ಬರಾಗಿ ಗ್ಯಾರೇಜಿಗೆ ಹೋಗಲು ಪುರುಸೊತ್ತೂ ಇರುವುದಿಲ್ಲ. ಕಾರ್ಕಳ, ಉಡುಪಿ, ಕಾಪು ಈ ಮೂರು ಕಡೆ ಮಳೆಗೆ ಮುಂಚೆ ಒಂದೊಂದು ದಿನ ಸ್ಥಳೀಯ ಮೆಕ್ಯಾನಿಕರನ್ನು ಕರೆಸಿ ಸದಸ್ಯರ ವಾಹನಗಳ ತಪಾಸಣೆ ನಡೆಸಿದರೆ ಖರ್ಚು ದೊಡ್ಡದಲ್ಲ. ಸದಸ್ಯರ ಬೆಳೆಯನ್ನು ಕಾಯುವ ಸಂಘಕ್ಕೆ ಆ ಬೆಳೆಯನ್ನು ಹೊತ್ತು ತರುವವರ ಉಸಿರನ್ನು ಕಾಯುವುದೂ ಹೊರತಾದ ಕೆಲಸವೇನಲ್ಲ. ಆಡಳಿತ ಮಂಡಳಿಯವರು ಈ ಸೂಚನೆಯನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಬೇಕಾಗಿ ವಿನಂತಿ.