ಹಳೆಯ ಜೀಪಿನ ಆರೈಕೆ

ಮನೆಯಲ್ಲಿ ಹಳೆಯ ಜೀಪೊಂದಿದ್ದರೆ ಮನೆಯವರಲ್ಲಿ ಎರಡು ಪಕ್ಷಗಳು ಏರ್ಪಡುವುದು ಸಹಜ. ಒಂದು ಪಕ್ಷಕ್ಕೆ ಅದು ಅಂಗಳವನ್ನು ಆಕ್ರಮಿಸಿ ಕುಳಿತ ಕಬ್ಬಿಣದ ರಾಶಿ. ಇನ್ನೊಂದಕ್ಕೆ ಕುಟುಂಬದ ಹಿರಿಯ ಸದಸ್ಯ. ಎಣ್ಣೆಯ ಕಲೆ ಹತ್ತಿದ ಬಟ್ಟೆಗಳನ್ನು ಒಗೆಯಬೇಕಾದವರು ಮೊದಲನೆಯ ಪಕ್ಷಕ್ಕೂ, ಆ ಕಲೆಗಳನ್ನು ಹತ್ತಿಸಿಕೊಳ್ಳುವವರು ಎರಡನೆಯದಕ್ಕೂ ಸೇರಿರುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಈ ವ್ಯಾಜ್ಯದಲ್ಲಿ ತೀರ್ಪು ನೀಡಬಲ್ಲ ಪ್ರಶ್ನೆ ಒಂದೇ: ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವಾಗ ಆ ವಾಹನವು ನಿಲ್ಲೆಂದಲ್ಲಿ ನಿಲ್ಲುತ್ತದೆಯೆ?

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯವು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ತಲಪುವಂಥ ಹಗುರವಾದ ವಾಹನವೊಂದನ್ನು ಬಯಸಿತು. ಯುದ್ಧ ಮುಗಿಯುವ ವೇಳೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳಿಂದ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಿದ್ದಿದ್ದವು. ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಸಂಸ್ಥೆಯು 1947ರಲ್ಲಿ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಗೊಬ್ಬರದ ಮೂಟೆಯಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಎಲ್ಲವನ್ನೂ ಹೊತ್ತದ್ದು ಈ ವಂಶದ ವಾಹನಗಳೇ. ಅವುಗಳಲ್ಲಿ ಕೆಲವು ತೋಟದ ಮಕ್ಕಳೊಡನೆ ಬೆಂಗಳೂರು, ಮೈಸೂರುಗಳನ್ನೂ ಸೇರಿವೆ.

ರಣರಂಗದಲ್ಲಿ ಸಿಪಾಯಿಯೇ ಬಿಚ್ಚಿ ಸರಿಪಡಿಸಬೇಕಾಗಿದ್ದ ಯಂತ್ರವಾದುದರಿಂದ ಇದರಲ್ಲಿ ಗುಟ್ಟುಗಳು ಕಡಮೆ. ಬಾನೆಟ್ಟನ್ನೆತ್ತಿದರೆ ಎಂಜಿನ್ನಿನ ಸುತ್ತ ಕೈಯಾಡಲು ಸ್ಥಳವುಂಟು. ಕೆಳಗೆ ತೆವಳಿದರೆ ಎಲ್ಲ ಭಾಗಗಳೂ ಕಣ್ಣಿಗೆ ಬೀಳುತ್ತವೆ. ಒಂದು ಜೊತೆ ಸ್ಪ್ಯಾನರು, ಒಂದು ಗ್ರೀಸ್ ಗನ್, ಒಂದು ಜಾಕು, ಹಳೆಯ ಪಂಚೆಯ ಚೂರುಗಳು, ಜೊತೆಗೆ ಭಾನುವಾರದ ಬೆಳಗಿನ ಎರಡು ಗಂಟೆ: ಮನೆಯ ಮಟ್ಟದ ಆರೈಕೆಗೆ ಇಷ್ಟು ಸಾಕು.

ಮೊದಲು ಎಂಜಿನ್ ತಣ್ಣಗಿರುವಾಗಲೇ ಎಣ್ಣೆಯ ಮಟ್ಟವನ್ನೂ ರೇಡಿಯೇಟರಿನ ನೀರನ್ನೂ ನೋಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರಿದ್ದಾರೆ. ಅನಂತರ ಗ್ರೀಸಿನ ಸರದಿ. ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಲ್ಲಿ, ಸ್ಪ್ರಿಂಗು ತೂಗುವ ಕೊಂಡಿಗಳಲ್ಲಿ, ಸ್ಟಿಯರಿಂಗಿನ ಸಂದುಗಳಲ್ಲಿ ಸಣ್ಣ ಮೊಳೆಯಂತೆ ಕಾಣುವ ನಿಪ್ಪಲುಗಳಿರುತ್ತವೆ. ಅವುಗಳ ತಲೆಯನ್ನು ಮೊದಲು ಶುಚಿಯಾಗಿ ಒರೆಸಬೇಕು. ಇಲ್ಲವಾದರೆ ಗ್ರೀಸಿನೊಡನೆ ಮರಳೂ ಒಳಹೊಕ್ಕು ಕೀಲನ್ನು ಅರೆದುಬಿಡುತ್ತದೆ. ಕೀಲುಗಳಲ್ಲಿ ಹಳೆಯ ಕಪ್ಪು ಗ್ರೀಸು ಅಂಚಿನಿಂದ ಹೊರಬಂದು, ಹೊಸದರ ಬಣ್ಣ ಕಾಣುವವರೆಗೆ ಒತ್ತಬೇಕು.

ಹಳ್ಳ ದಾಟಿ ಬಂದ ಜೀಪಿಗೆ ವಿಶೇಷ ಪರೀಕ್ಷೆಯೊಂದುಂಟು. ಓಡಿ ಬಿಸಿಯಾದ ಆಕ್ಸಲಿನ ಭಾಗವು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸಡಿಲಾದ ಸೀಲುಗಳ ಮೂಲಕ ನೀರನ್ನು ಒಳಕ್ಕೆಳೆಯುತ್ತದೆ. ಡಿಫರೆನ್ಷಿಯಲ್ಲಿನ ಎಣ್ಣೆಯು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದೇ ಅರ್ಥ. ಅಂಥ ಎಣ್ಣೆಯನ್ನು ಕೂಡಲೇ ಬದಲಾಯಿಸಬೇಕು. ಹೊರತೆಗೆದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬದಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಕೊಳ್ಳುವವರಿಗೆ ತಲಪಿಸುವುದು ನೆರೆಹೊರೆಯ ಬಾವಿಗಳಿಗೆ ಮಾಡುವ ಉಪಕಾರ.

ನಾಲ್ಕು ಚಕ್ರಗಳ ಬಲವನ್ನು ಜೋಡಿಸುವ ಸನ್ನೆಯನ್ನು ಕೆಲವರು ವರ್ಷವಿಡೀ ಮುಟ್ಟುವುದಿಲ್ಲ. ಮತ್ತೆ ಕೆಲವರು ಪ್ರತಿಷ್ಠೆಗಾಗಿ ಪೇಟೆಯ ಬೀದಿಯಲ್ಲೂ ಹಾಕಿಕೊಂಡು ಹೋಗುತ್ತಾರೆ. ಇವೆರಡೂ ಸಲ್ಲದು. ಹಳೆಯ ಜೀಪಿನಲ್ಲಿ ಆ ಸನ್ನೆ ಎಳೆದೊಡನೆ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಬಿಗಿಯಾಗಿ ಒಂದಾಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸ ತೀರುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಜಾರಲಾರದೆ ಗೇರುಗಳೇ ಮುರುಕಿಕೊಳ್ಳುತ್ತವೆ. ಆದ್ದರಿಂದ ತಿಂಗಳಿಗೊಮ್ಮೆ ಮಣ್ಣಿನ ಹಾದಿಯಲ್ಲಿ ಸ್ವಲ್ಪ ದೂರ ನಾಲ್ಕು ಚಕ್ರಗಳ ಬಲದಿಂದ ಓಡಿಸಿದರೆ ಎಣ್ಣೆ ಎಲ್ಲೆಡೆ ಹರಡಿ ಸನ್ನೆಯೂ ತುಕ್ಕು ಹಿಡಿಯದು.

ಇನ್ನು ಬ್ರೇಕಿನ ಮಾತು. ಇಂದಿನ ಕಾರುಗಳಲ್ಲಿ ಬ್ರೇಕಿನ ದ್ರವವು ಎರಡು ಬೇರೆ ಬೇರೆ ದಾರಿಗಳಲ್ಲಿ ಹರಿಯುತ್ತದೆ; ಒಂದು ಸೋರಿದರೂ ಇನ್ನೊಂದು ಕಾಯುತ್ತದೆ. ಹಳೆಯ ಮಾದರಿಯ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದಾರಿ. ಯಾವುದೋ ಒಂದು ಚಕ್ರದ ಹಿಂದೆ ರಬ್ಬರಿನ ನಳಿಕೆ ಬಿರಿದರೆ ನಾಲ್ಕರ ಬ್ರೇಕೂ ಒಮ್ಮೆಗೇ ಹೋಗುತ್ತದೆ. ಇದನ್ನರಿಯಲು ಮೆಕ್ಯಾನಿಕ್ಕನ ವಿದ್ಯೆ ಬೇಕಿಲ್ಲ. ಹೊರಡುವ ಮುನ್ನ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿದಿರಬೇಕು. ಅದು ಮೆಲ್ಲನೆ ಕುಸಿಯುತ್ತ ಹೋದರೆ ದ್ರವವು ಎಲ್ಲಿಯೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಎರಡರಲ್ಲಿ ಯಾವುದು ಕಂಡರೂ ಪ್ರಯಾಣ ಅಲ್ಲಿಗೇ ನಿಲ್ಲಬೇಕು. ದ್ರವ ಕಡಮೆಯಾಗಿದೆಯೆಂದು ಎಂಜಿನ್ ಎಣ್ಣೆಯನ್ನು ಸುರಿಯುವುದು ಘೋರ ಪ್ರಮಾದ. ಒಳಗಿನ ರಬ್ಬರುಗಳು ಊದಿಕೊಂಡು ಬ್ರೇಕೇ ಕೆಡುತ್ತದೆ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ತೇವ ಹೀರಿದ ದ್ರವವು ಆಗುಂಬೆ, ಚಾರ್ಮಾಡಿಗಳಂಥ ದೀರ್ಘ ಇಳಿಜಾರಿನಲ್ಲಿ ಕುದಿದು ಆವಿಯಾಗಿ, ಪೆಡಲು ಪಾತಾಳಕ್ಕಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸುವುದೂ, ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯುವುದೂ ಇದಕ್ಕೆ ಪರಿಹಾರ.

ಜಾಕಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಳೆಯ ಜೀಪುಗಳಲ್ಲಿ ಕೈಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ನೆಲದಿಂದೆತ್ತಿದರೆ ಅದು ಗಾಳಿಯಲ್ಲಿ ಹಿಮ್ಮುಖವಾಗಿ ತಿರುಗುತ್ತ, ನೆಲದ ಮೇಲಿನ ಚಕ್ರವನ್ನು ಉರುಳಗೊಡುತ್ತದೆ. ಕೈಬ್ರೇಕನ್ನೇ ನಂಬಿ ಕೆಳಗೆ ಮಲಗಿದವರ ಗತಿಯೇನು? ಸಮತಟ್ಟಾದ ನೆಲ, ನೆಲದಲ್ಲಿರುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ತುಂಡು, ಜಾಕಿನ ಜೊತೆಗೆ ಬಲವಾದ ಸ್ಟ್ಯಾಂಡು: ಇವಿಲ್ಲದೆ ಜೀಪಿನ ಅಡಿಗೆ ತಲೆಯಿಡಬಾರದು.

ಇಷ್ಟಾದ ಮೇಲೂ ಬ್ರೇಕಿನ ಸಿಲಿಂಡರುಗಳನ್ನು ಬಿಚ್ಚುವುದು, ಸ್ಟಿಯರಿಂಗಿನ ಪೆಟ್ಟಿಗೆ ತೆರೆಯುವುದು ಮೊದಲಾದ ಕೆಲಸಗಳನ್ನು ಬಲ್ಲ ಮೆಕ್ಯಾನಿಕ್ಕನಿಗೇ ಒಪ್ಪಿಸುವುದು ಲೇಸು. ಮನೆಯ ಆರೈಕೆ ಅವನ ಅನ್ನ ಕಸಿಯುವುದಿಲ್ಲ. ಯಾವ ಸದ್ದು, ಎಂದಿನಿಂದ, ಯಾವ ವೇಗದಲ್ಲಿ ಎಂದು ಹೇಳಬಲ್ಲ ಯಜಮಾನನನ್ನು ಕಂಡರೆ ಒಳ್ಳೆಯ ಮೆಕ್ಯಾನಿಕ್ಕನಿಗೂ ಸಂತೋಷವೇ. ಇದಕ್ಕೆ ಒಂದು ನೋಟುಬುಕ್ಕು ಸಾಕು: ತಾರೀಖು, ಓಡಿದ ಕಿಲೋಮೀಟರು, ಮಾಡಿದ ಕೆಲಸ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕಾದಾಗ, ಪರೀಕ್ಷೆಗೆ ಮುನ್ನ ಏನೇನು ಸರಿಪಡಿಸಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ಆ ಪುಸ್ತಕ ಬರೆಯುವ ಕೆಲಸವನ್ನು ಮಗನಿಗೋ ಮಗಳಿಗೋ ವಹಿಸಬಹುದು. ಪೆಡಲನ್ನು ಒತ್ತಿ ಹಿಡಿದಾಗ ಅರವತ್ತರವರೆಗೆ ಎಣಿಸುವ ಕೆಲಸ ಮಾತ್ರ ಮೊದಲನೆಯ ಪಕ್ಷದವರಿಗೇ ಸೇರಲಿ. ಘಟ್ಟ ಇಳಿಯುವಾಗ ಪಕ್ಕದಲ್ಲಿ ಕೂರುವವರು ಅವರೇ ತಾನೆ!