ಆಡಿನ ಚೀಸಿಗೆ ಮುಸುಕು ಯಾಕೆ ಸ್ವಾಮೀ?

ಮೊದಲೇ ಹೇಳಿಬಿಡ್ತೀನಿ, ಇದು ಅಡುಗೆ ಬರಹದ ವೇಷದಲ್ಲಿರೋ ಜಗಳ. ಇಷ್ಟ ಇಲ್ಲದವರು ಈಗಲೇ ಎದ್ದು ಕಾಫಿ ಕುಡಿದು ಬರಬಹುದು :-)

"ಮನೆಯಲ್ಲೇ ಫ್ಲೇವರ್ಡ್ ಗೋಟ್ ಚೀಸ್ ಲಾಗ್" ಅನ್ನೋ ಥರದ ರೆಸಿಪಿಗಳನ್ನ ನೀವೂ ನೋಡಿರ್ತೀರಿ. ಮೇಕೆ ಹಾಲು ಕುದಿಸಿ, ನಿಂಬೆಹಣ್ಣು ಹಿಂಡಿ, ಒಡೆದಿದ್ದನ್ನ ಬಟ್ಟೆಯಲ್ಲಿ ಕಟ್ಟಿ, ಆಮೇಲೆ ಬೆಳ್ಳುಳ್ಳಿ, ಒರೆಗಾನೊ, ಚಿಲ್ಲಿ ಫ್ಲೇಕ್ಸ್, ಜೇನುತುಪ್ಪ ಅಂತ ಮನೆಯಲ್ಲಿರೋದನ್ನೆಲ್ಲ ಕಲಸಿ ಉದ್ದಕ್ಕೆ ಉರುಳಿಸೋದು. ಕೊನೆಗೆ ಒಂದು ಅಭಯವಚನ: ಹೆದರಬೇಡಿ, ಮೇಕೆ ಹಾಲು ಅಂತ ಗೊತ್ತೇ ಆಗಲ್ಲ!

ನನ್ನ ತಕರಾರು ಆ ಅಭಯವಚನದ ಮೇಲೆ. ಗೊತ್ತಾಗಬಾರದು ಅಂದ್ರೆ ಮೇಕೆ ಹಾಲು ಯಾಕೆ ಬೇಕಿತ್ತು?

ಮೊದಲು ನಿಂಬೆಹಣ್ಣಿನ ವಿಷಯ. ಬಿಸಿ ಹಾಲಿಗೆ ಹುಳಿ ಹಿಂಡಿದ್ರೆ ಬರೋದು ಪನೀರು. ಅದೇನೂ ಅಪರಾಧ ಅಲ್ಲ, ಆದರೆ ಫ್ರೆಂಚರು ಶೆವ್ರ್ ಅಂತ ಕರೆಯೋದು ಅದನ್ನಲ್ಲ. (ಆ ಪದಕ್ಕೆ ಅರ್ಥ ಬರೀ "ಮೇಕೆ" ಅಂತ ಅಷ್ಟೇ!) ಅಲ್ಲಿ ಹುಳಿ ಮಾಡೋದು ಬ್ಯಾಕ್ಟೀರಿಯಾ, ನಮ್ಮ ಮೊಸರಿನ ಹಾಗೆ, ನಿಧಾನಕ್ಕೆ. 2 ಲೀಟರ್ ಹಾಲನ್ನ 63 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, 25 ಡಿಗ್ರಿಗೆ ಇಳಿಸಿ. ಮೆಸೊಫಿಲಿಕ್ ಕಲ್ಚರ್ ಚಿಟಿಕೆ ಹಾಕಿ, ನೀರಲ್ಲಿ ಕದಡಿದ ರೆನೆಟ್ ಒಂದೆರಡು ಹನಿ ಬೆರೆಸಿ. (ಸಸ್ಯಾಹಾರಿಗಳಿಗೆ ಮೈಕ್ರೋಬಿಯಲ್ ರೆನೆಟ್ ಸಿಗತ್ತೆ.) 20-22 ಡಿಗ್ರಿ ಇರೋ ಜಾಗದಲ್ಲಿ 18ರಿಂದ 24 ಗಂಟೆ ಮುಟ್ಟಬೇಡಿ. ಹೆಪ್ಪು ಮೆತ್ತಗಿರತ್ತೆ, ಮೇಕೆ ಹಾಲಿನ ಪ್ರೋಟೀನೇ ಹಾಗೆ. ಬಟ್ಟೆಯಲ್ಲಿ ಅರ್ಧ ದಿನ ಜೋಲಿ ಹಾಕಿ, ಉಪ್ಪು ಬೆರೆಸಿ, ಉರುಳಿಸಿ. ಬೆಂಗಳೂರಿನ ಬೇಸಿಗೆಯಲ್ಲಿ ಕಷ್ಟ, ಡಿಸೆಂಬರಿನಲ್ಲಿ ಸುಲಭ. ಇಷ್ಟೇ ವಿದ್ಯೆ!

ಇನ್ನು "ವಾಸನೆ". ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಅಂತ ಮೂರು ಕೊಬ್ಬಿನ ಆಮ್ಲಗಳಿವೆ. ಮೂರಕ್ಕೂ ಹೆಸರು ಬಂದಿದ್ದು ಮೇಕೆಯ ಲ್ಯಾಟಿನ್ ಹೆಸರು "ಕಾಪ್ರಾ"ದಿಂದ. ಕರೆದ ಹಾಲನ್ನ ಬೇಗ ತಣ್ಣಗೆ ಮಾಡದೆ, ಗಲೀಜು ಪಾತ್ರೆಯಲ್ಲಿ ಕುಲುಕಾಡಿಸಿಕೊಂಡು ತಂದ್ರೆ ಕೊಬ್ಬು ಒಡೆದು ಇವು ಹೊರಗೆ ಬರ್ತವೆ, ಮೂಗು ಮುಚ್ಚಿಕೊಳ್ಳೋ ಹಾಗಾಗತ್ತೆ. ಶುಚಿಯಾಗಿ ಕರೆದು ತಕ್ಷಣ ತಣಿಸಿದ ಹಾಲಿನಲ್ಲಿ ಉಳಿಯೋದು ಸಣ್ಣ ಒಗರು-ಹುಳಿ, ಅದೇ ಆ ಚೀಸಿನ ಗುರುತು. ಸಾಫ್ಟ್‌ವೇರಿನವನ ಭಾಷೆಯಲ್ಲಿ ಹೇಳೋದಾದ್ರೆ, ಮೊದಲನೆಯದು ಬಗ್, ಎರಡನೆಯದು ಫೀಚರ್. ನಾವು ಮಾಡ್ತಿರೋದು ಏನು? ಬಗ್ ಸರಿಮಾಡದೆ ಎರಡರ ಮೇಲೂ ಬೆಳ್ಳುಳ್ಳಿ ಪ್ಯಾಚ್ ಮೆತ್ತೋದು!

ಇದು ಬರೀ ರುಚಿಯ ಮಾತಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮೇಕೆ ಹಾಲು ಕರೆಯೋ ದೇಶ ನಮ್ಮದು. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಕಟ್ಟಿದವರು ನಾವು. ಆದರೆ ಆಡಿನ ಹಾಲು ಮುಟ್ಟದವರೂ ನಾವೇ. ಸಾಕುವವನಿಗೆ ದುಡ್ಡು ಬರೋದು ಬಹುಪಾಲು ಮಾಂಸದಿಂದ. ಹಾಲಿನ ನೆನಪು ನಮಗಾಗೋದು ಡೆಂಗಿ ಬಂದಾಗ. ಅದು ಡೆಂಗಿಗೆ ಮದ್ದು ಅನ್ನೋದಕ್ಕೆ ಪುರಾವೆ ಇಲ್ಲ, ಹಸಿಯಾಗಿ ಕುಡಿದ್ರೆ ಬ್ರುಸೆಲ್ಲೋಸಿಸ್ ಬರೋ ಅಪಾಯ ಮಾತ್ರ ನಿಜ. ಶುಚಿಯಾಗಿ ಕರೆದು, ತಣಿಸಿ ತಂದುಕೊಟ್ರೆ ಎರಡು ಕಾಸು ಜಾಸ್ತಿ ಕೊಡೋ ಗಿರಾಕಿ ಇಲ್ಲ ಅಂದ ಮೇಲೆ ಅವನು ಯಾಕಾದ್ರೂ ಕಷ್ಟಪಡಬೇಕು? ರುಚಿಯನ್ನ ಮುಚ್ಚಿಟ್ಟು ತಿನ್ನೋ ಗಿರಾಕಿಗೆ ಒಳ್ಳೆ ಹಾಲೂ ಒಂದೇ, ಕೆಟ್ಟ ಹಾಲೂ ಒಂದೇ.

ಅದೇ ಫ್ರೆಂಚ್ ಲೇಬಲ್ ಇರಲಿ, ಆಗ ನೋಡಿ! ಊರಿನ ಮೇಕೆ ಹಾಲಿಗೆ ಮುಖ ಸಿಂಡರಿಸೋರು ಆ ಚೀಸನ್ನ ಕಣ್ಣುಮುಚ್ಚಿ ಸವೀತಾರೆ. ಫ್ರಾನ್ಸಿನ ಸೇಂತ್-ಮೋರ್ ದ ತೂರೇನ್ ಅನ್ನೋ ಲಾಗ್ ನಡುವೆ ಒಂದು ಹುಲ್ಲಿನ ಕಡ್ಡಿ, ಮೈಮೇಲೆ ಬೂದಿ, ಅಷ್ಟೇ ಅಲಂಕಾರ. ಅಮೆರಿಕದಲ್ಲಿ ಲಾರಾ ಶೆನೆಲ್ ಅನ್ನೋ ಹೆಂಗಸು ಫ್ರಾನ್ಸಿಗೆ ಹೋಗಿ ಕಲಿತು ಬಂದು, 1979ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೇಕೆ ಚೀಸ್ ಮಾಡೋಕೆ ಶುರು ಮಾಡಿದ್ರು. ಅಲ್ಲಿಯ ಶೆ ಪನೀಸ್ ಹೋಟೆಲಿನವರು ಅದನ್ನ ಸಲಾಡಿನಲ್ಲಿ ಚೀಸ್ ಅಂತಲೇ ಬಡಿಸಿದ್ರು, ಮುಚ್ಚುಮರೆ ಇಲ್ಲದೆ.

ಹಾಗಂತ ಫ್ಲೇವರ್ ಬೇಡ ಅಂತಿಲ್ಲ. ಒಳಗೆ ಕಲಸಬೇಡಿ, ಹೊರಗೆ ತೆಳ್ಳಗೆ ಹೊದಿಸಿ. ನಮ್ಮ ಗುರೆಳ್ಳು ಚಟ್ನಿಪುಡಿಯಲ್ಲೋ, ಕುಟ್ಟಿದ ಕರಿಮೆಣಸಿನಲ್ಲೋ ಉರುಳಿಸಿ ನೋಡಿ. ಮೊದಲು ಪುಡಿ ಮಾತಾಡಬೇಕು, ಆಮೇಲೆ ಮೇಕೆ ಮಾತಾಡಬೇಕು.

ಮೇಕೆ ಮಾತಾಡೋದು ಬೇಡ ಅನ್ನೋರು ದಯವಿಟ್ಟು ಹಸುವಿನ ಪನೀರು ತಿನ್ನಿ, ಯಾರೂ ಬೇಡ ಅನ್ನಲ್ಲ. ಏನಂತೀರಿ?